ಕಥೆಯ ಕೊನೆ ಯಾರದು?

ಕಳೆದ ಮಳೆಗಾಲದ ಒಂದು ದಿನ, ಮಧ್ಯಾಹ್ನದ ವಿರಾಮದ ವೇಳೆಯಲ್ಲಿ, ಒಂಬತ್ತನೆಯ ಇಯತ್ತೆಯ ನಾಲ್ವರು ಹುಡುಗರು ಒಂದು ಕಾಗದವನ್ನು ಹಿಡಿದುಕೊಂಡು ನಮ್ಮ ಬಳಿಗೆ ಬಂದರು. ಅದೊಂದು ಅರ್ಜಿ. ‘ಮಾನ್ಯರೇ’ ಎಂದು ಆರಂಭವಾಗಿ ‘ತಮ್ಮ ವಿಶ್ವಾಸಿಗಳು’ ಎಂದು ಮುಗಿದಿತ್ತು. ಪತ್ರಲೇಖನದ ಪಾಠದಲ್ಲಿ ನಾವು ಕಲಿಸಿದ ಕ್ರಮ ಎಲ್ಲಿಯೂ ತಪ್ಪಿರಲಿಲ್ಲ. ಕೆಳಗೆ ಹದಿನೇಳು ಮಂದಿಯ ಸಹಿಗಳಿದ್ದವು. ಕುಡಿಯುವ ನೀರಿನ ವಿಷಯವೋ ಆಟದ ಮೈದಾನದ ವಿಷಯವೋ ಇದ್ದೀತೆಂದು ಓದತೊಡಗಿದೆವು. ವಿಷಯ ಬೇರೆಯೇ ಆಗಿತ್ತು. ಅವರು ಮೊಬೈಲಿನಲ್ಲಿ ಆಡುವ ಒಂದು ವಿಡಿಯೋ ಗೇಮಿನ ಕಥೆಯ ಕೊನೆಯಲ್ಲಿ ನಾಯಕನು ಸಾಯುತ್ತಾನಂತೆ. ಅವನನ್ನು ಬದುಕಿಸಬೇಕೆಂದು ಆಟವನ್ನು ತಯಾರಿಸಿದ ಕಂಪನಿಗೆ ಈ ಬಿನ್ನಹ!

“ಸರ್, ಕಾಗುಣಿತದ ತಪ್ಪು ತಿದ್ದಿಕೊಡಿ. ಆಮೇಲೆ ಇಂಗ್ಲಿಷಿಗೆ ಮಾಡಿ ಕಳಿಸುತ್ತೇವೆ” ಎಂದನು ಅವರ ಮುಂದಾಳು.

ಶಿಕ್ಷಕರ ಕೊಠಡಿಯಲ್ಲಿ ನಗು ಎದ್ದಿತು. ಇಷ್ಟೇ ಶ್ರದ್ಧೆಯನ್ನು ಗಣಿತದಲ್ಲಿ ತೋರಿಸಿದ್ದರೆ ಎಷ್ಟು ಚೆನ್ನಾಗಿತ್ತೆಂದು ಸಹೋದ್ಯೋಗಿಯೊಬ್ಬರು ಹೇಳಿದರು. ನಮಗೂ ಮೊದಲು ನಗುವೇ ಬಂತು. ಆದರೆ ಮನೆಗೆ ಮರಳುವ ದಾರಿಯಲ್ಲಿ ಆ ಕಾಗದದ ಯೋಚನೆ ನಮ್ಮನ್ನು ಬಿಡಲಿಲ್ಲ. ಕಥೆಯೊಂದರ ಕೊನೆಯನ್ನು ಒಪ್ಪದಿರುವ ಹಕ್ಕು ಓದುಗನಿಗೆ, ನೋಡುಗನಿಗೆ, ಆಟಗಾರನಿಗೆ ಉಂಟೆ? ಉಂಟಾದರೆ, ಅದನ್ನು ಬದಲಿಸಿರೆಂದು ಗುಂಪುಗೂಡಿ ಕೇಳುವುದರಿಂದ ಬರುವ ಫಲವೇನು? ಈ ಪ್ರಶ್ನೆ ನಮ್ಮ ಹುಡುಗರು ಹೊಸದಾಗಿ ಹುಟ್ಟಿಸಿದ್ದಲ್ಲ. ಇದನ್ನು ಕುರಿತು ನಮಗೆ ತೋರಿದುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ವಿಡಿಯೋ ಗೇಮುಗಳ ಲೋಕದಲ್ಲಿ ಇಂತಹ ಚಳವಳಿಗಳಲ್ಲಿ ಪ್ರಸಿದ್ಧವಾದುದು 2012ರದು. ಕೆನಡಾ ದೇಶದ ‘ಬಯೋವೇರ್’ ಎಂಬ ಸಂಸ್ಥೆ ‘ಮಾಸ್ ಎಫೆಕ್ಟ್’ ಎಂಬ ಆಟವನ್ನು 2007, 2010 ಮತ್ತು 2012ರಲ್ಲಿ ಮೂರು ಭಾಗಗಳಾಗಿ ಹೊರತಂದಿತು. ಶೆಪರ್ಡ್ ಎಂಬ ಸೇನಾನಿ ನಕ್ಷತ್ರಲೋಕಗಳನ್ನು ವಿನಾಶದಿಂದ ರಕ್ಷಿಸಲು ಹೋರಾಡುವುದೇ ಅದರ ವಸ್ತು. ಆಟಗಾರನು ಮೊದಲನೆಯ ಭಾಗದಲ್ಲಿ ಯಾರನ್ನು ಉಳಿಸಿದನು, ಯಾರನ್ನು ಕೈಬಿಟ್ಟನು ಎಂಬುದರ ಪರಿಣಾಮವನ್ನು ಎರಡನೆಯ, ಮೂರನೆಯ ಭಾಗಗಳಲ್ಲಿಯೂ ಅನುಭವಿಸಬೇಕಾಗುತ್ತಿತ್ತು. ಕೊನೆಯೂ ಅವರವರ ನಿರ್ಧಾರಗಳಿಗೆ ತಕ್ಕಂತೆ ಇರುವುದೆಂದು ತಯಾರಕರು ಮೊದಲೇ ಆಶೆ ಹುಟ್ಟಿಸಿದ್ದರು. ಆದರೆ 2012ರ ಮಾರ್ಚಿಯಲ್ಲಿ ಮೂರನೆಯ ಭಾಗ ಹೊರಬಂದಾಗ ಆದುದೇನು? ಎಲ್ಲರೂ ಒಂದೇ ಸ್ಥಳಕ್ಕೆ ಬಂದು ನಿಂತು, ಕೆಂಪು, ನೀಲಿ, ಹಸಿರು ಬಣ್ಣಗಳ ಮೂರು ಮುಕ್ತಾಯಗಳಲ್ಲಿ ಒಂದನ್ನು ಆರಿಸಬೇಕಾಯಿತು. ಬಣ್ಣವೊಂದನ್ನು ಬಿಟ್ಟರೆ ಮೂರಕ್ಕೂ ಹೆಚ್ಚಿನ ಭೇದ ಕಾಣಲಿಲ್ಲ. ಐದು ವರ್ಷಗಳ ಕಾಲ ಆಡಿದವರಿಗೆ, ತಾವು ಮಾಡಿದ ಆಯ್ಕೆಗಳೆಲ್ಲ ನೀರಿನಲ್ಲಿ ಮಾಡಿದ ಹೋಮದಂತಾದುವೆನಿಸಿತು.

ಅವರು ಸಂಘಟಿತರಾದರು. ಅಸ್ಪತ್ರೆಯಲ್ಲಿರುವ ಮಕ್ಕಳಿಗೆ ಆಟಿಕೆಗಳನ್ನು ಒದಗಿಸುವ ಒಂದು ಧರ್ಮಸಂಸ್ಥೆಗೆ ಚಳವಳಿಯ ಹೆಸರಿನಲ್ಲಿ 80,000 ಡಾಲರುಗಳಷ್ಟು ಹಣವನ್ನು ಕೂಡಿಸಿಕೊಟ್ಟರು. ಕೆಲವರು ನಾನೂರರಷ್ಟು ಪುಟ್ಟ ಕೇಕುಗಳನ್ನು ಮಾಡಿಸಿ ಬಯೋವೇರ್ ಕಚೇರಿಗೆ ಕಳುಹಿಸಿದರು. ಮೇಲಿನ ಲೇಪ ಕೆಂಪು, ನೀಲಿ, ಹಸಿರು; ಒಳಗಿನ ರುಚಿ ಮಾತ್ರ ಎಲ್ಲಕ್ಕೂ ಒಂದೇ! ಯಾರನ್ನೂ ಬೈಯದೆ ದೂರನ್ನು ತಿಳಿಸುವ ಇದಕ್ಕಿಂತ ಜಾಣತನದ ಮಾರ್ಗವನ್ನು ನಾವು ಕೇಳಿಲ್ಲ. ಅದೇ ವರ್ಷ ಜೂನ್ ತಿಂಗಳಿನಲ್ಲಿ ಸಂಸ್ಥೆಯು ಕೊನೆಯ ಭಾಗವನ್ನು ವಿಸ್ತರಿಸಿ ಬೆಲೆಯಿಲ್ಲದೆ ಹಂಚಿತು. ಗಮನಿಸತಕ್ಕ ಸಂಗತಿಯೆಂದರೆ, ಅದು ಕೊನೆಯನ್ನು ಬದಲಿಸಲಿಲ್ಲ. ಯಾರು ಏನಾದರು, ಏಕೆ ಆದರು ಎಂಬುದನ್ನು ಬಿಡಿಸಿ ತೋರಿಸಿತು. ಇರುವ ಮೂರು ಮಾರ್ಗಗಳೂ ಬೇಡವೆನ್ನುವವರಿಗೆ ನಾಲ್ಕನೆಯದೊಂದನ್ನು ಸೇರಿಸಿತು. ಆ ನಾಲ್ಕನೆಯದರಲ್ಲಿ ನಾಯಕನ ಪಕ್ಷಕ್ಕೆ ಸೋಲೇ ಗತಿ.

ಹಾಗಾದರೆ ಚಳವಳಿಯು ಗೆದ್ದಿತೋ ಸೋತಿತೋ? ಕೊನೆಯನ್ನು ಬದಲಿಸುವ ಮಟ್ಟಿಗೆ ಅದು ಸೋತಿತು. ಅರ್ಧದಲ್ಲಿ ಬಿಟ್ಟ ಕೆಲಸವನ್ನು ಪೂರ್ತಿ ಮಾಡಿಸುವ ಮಟ್ಟಿಗೆ ಗೆದ್ದಿತು. ಈ ಎರಡರ ನಡುವಣ ಭೇದವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

“ಕೃತಿ ಕರ್ತೃವಿನದು, ಇಷ್ಟವಿದ್ದವರು ಸ್ವೀಕರಿಸಲಿ, ಇಲ್ಲದವರು ಬಿಡಲಿ” ಎಂದು ಹೇಳುವವರುಂಟು. ಮಾತಿನಲ್ಲಿ ಸತ್ಯವಿದೆ, ಆದರೆ ಪೂರ್ಣಸತ್ಯವಿಲ್ಲ. ಕರ್ತೃಗಳೇ ಬೇರೆಯವರ ಮಾತು ಕೇಳಿ ಕೊನೆಯನ್ನು ತಿದ್ದಿದ್ದಾರೆ. ಡಿಕನ್ಸ್ ಮಹಾಶಯನು 1861ರಲ್ಲಿ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ ಕೊನೆಯನ್ನು ಸ್ನೇಹಿತನೊಬ್ಬನ ಸಲಹೆಯಂತೆ ಬದಲಿಸಿ ಬರೆದನು. ಕಾನನ್ ಡಾಯಲ್ 1893ರಲ್ಲಿ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸನನ್ನು ಜಲಪಾತದಲ್ಲಿ ಕೆಡಹಿ ಕೊಂದುಬಿಟ್ಟನು. ಓದುಗರು ಕೋಪಗೊಂಡರು, ಅನೇಕರು ಪತ್ರಿಕೆಯ ಚಂದಾವನ್ನೇ ನಿಲ್ಲಿಸಿದರು. ಕಡೆಗೆ 1903ರಲ್ಲಿ ಅವನು ಹೋಮ್ಸನನ್ನು ಮತ್ತೆ ಬದುಕಿಸಿ ತರಬೇಕಾಯಿತು. ಆ ಮೇಲೆ ಬಂದ ಕಥೆಗಳಲ್ಲಿ ಒಳ್ಳೆಯವೂ ಇವೆ. ಆದುದರಿಂದ ಓದುಗರ ಮೊರೆಯಿಂದ ಸಾಹಿತ್ಯವು ಕೆಟ್ಟೇ ಹೋಗುವುದೆಂದು ಹೇಳುವಂತಿಲ್ಲ.

ಅದರಲ್ಲಿಯೂ ವಿಡಿಯೋ ಗೇಮು ಒಬ್ಬ ಕವಿ ಏಕಾಂತದಲ್ಲಿ ಕುಳಿತು ಬರೆದ ಕಾವ್ಯವಲ್ಲ. ನೂರಾರು ಜನ ಸಂಬಳಕ್ಕೆ ದುಡಿದು ಕಟ್ಟಿ, ಕಂಪನಿ ಬೆಲೆಯಿಟ್ಟು ಮಾರುವ ಸರಕು ಕೂಡ ಹೌದು. ಕೊಂಡವನು “ಹೇಳಿದ್ದೊಂದು, ಕೊಟ್ಟದ್ದೊಂದು” ಎಂದರೆ ಅದನ್ನು ರಸಿಕತೆಯ ಕೊರತೆಯೆಂದು ತಳ್ಳಿಹಾಕಲಾಗದು. ಮೇಲಾಗಿ ಇಲ್ಲಿ ಆಟಗಾರನು ಬರಿಯ ಪ್ರೇಕ್ಷಕನಲ್ಲ. ಅವನ ಬೆರಳು ಆಡದಿದ್ದರೆ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗದು. ಹಾದಿಯುದ್ದಕ್ಕೂ ಹೊರೆ ಹೊತ್ತವನು ಕೊನೆಯ ಮಾತಿನಲ್ಲಿ ಪಾಲು ಕೇಳುವುದು ಸಹಜ.

ಇಷ್ಟಾಗಿಯೂ ಕೇಳಿದ್ದನ್ನೆಲ್ಲ ಕೊಡುವುದು ಒಳಿತೆ? ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಮುಂಬಯಿಯೂ ನಮ್ಮ ಕರ್ನಾಟಕವೂ ಕೂಡಿ ಕಂಡ ಎರಡು ಹಿಂದಿ ಚಿತ್ರಗಳೇ ಸಾಕು.

ಮೊದಲನೆಯದು ‘ಶೋಲೆ’. ಬೆಂಗಳೂರಿನ ಬಳಿಯ ರಾಮನಗರದ ಬಂಡೆಗಳ ನಡುವೆ ತಯಾರಾಗಿ 1975ರ ಆಗಸ್ಟ್ 15ರಂದು ತೆರೆಕಂಡ ಈ ಚಿತ್ರದ ಕೊನೆ ಎರಡು ಬಾರಿ ಅಪಾಯಕ್ಕೆ ಸಿಕ್ಕಿತು. ನಿರ್ದೇಶಕರು ಮೊದಲು ಚಿತ್ರೀಕರಿಸಿದ್ದಂತೆ, ತೋಳುಗಳನ್ನು ಕಳೆದುಕೊಂಡ ಠಾಕೂರನು ಗಬ್ಬರಸಿಂಗನನ್ನು ಕಾಲಿನಿಂದಲೇ ತುಳಿದು ಕೊಲ್ಲುತ್ತಾನೆ. ತುರ್ತುಪರಿಸ್ಥಿತಿಯ ಆ ದಿನಗಳಲ್ಲಿ ಸೆನ್ಸಾರ್ ಮಂಡಳಿ ಅದಕ್ಕೆ ಒಪ್ಪಲಿಲ್ಲ. ಪೊಲೀಸರು ಬಂದು ತಡೆಯುವಂತೆ ಹೊಸದಾಗಿ ಚಿತ್ರೀಕರಿಸಬೇಕಾಯಿತು. ಅದು ಅಧಿಕಾರದ ಬಲದಿಂದಾದ ಬದಲಾವಣೆ. ಎರಡನೆಯ ಅಪಾಯ ಬಂದದ್ದು ಬಿಡುಗಡೆಯಾದ ಮೊದಲ ದಿನಗಳಲ್ಲಿ. ಜನರ ಉತ್ಸಾಹ ನಿರೀಕ್ಷೆಯಷ್ಟು ಕಾಣದೆ ತಯಾರಕರು ಕಂಗೆಟ್ಟರು. ಸಾಯುವ ಜಯನನ್ನು ಬದುಕಿಸಿ ಕೊನೆಯನ್ನು ಮತ್ತೆ ಚಿತ್ರೀಕರಿಸೋಣವೆಂಬ ಆಲೋಚನೆಯೂ ನಡೆಯಿತು. ಕೆಲವು ದಿನ ಕಾದು ನೋಡೋಣವೆಂದು ಕೊನೆಗೆ ತಡೆದರು. ಆ ತಾಳ್ಮೆಯೇ ಚಿತ್ರವನ್ನು ಉಳಿಸಿತು. ಜಯನು ಸತ್ತಂತೆಯೇ ಇದ್ದು, ‘ಶೋಲೆ’ ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷ ಓಡಿತು. ಸಂಜೆಯಲ್ಲಿ ದೀಪಗಳನ್ನು ಆರಿಸುತ್ತ ನಿಲ್ಲುವ ಆ ವಿಧವೆಯ ಮೌನಕ್ಕೆ ಅರ್ಥ ಬರುವುದು ಜಯನು ಬಾರದೆ ಹೋದದ್ದರಿಂದಲೇ ಅಲ್ಲವೆ? ಇನ್ನು ಸೆನ್ಸಾರಿನವರು ತೆಗೆಸಿದ ಮೂಲ ಮುಕ್ತಾಯವು, ಚಿತ್ರವನ್ನು ಜೀರ್ಣೋದ್ಧಾರ ಮಾಡಿದ ಮೇಲೆ, 2025ರಲ್ಲಿ ಇಟಲಿಯ ಬೊಲೊನ್ಯಾ ನಗರದ ಉತ್ಸವದಲ್ಲಿ ಜನರೆದುರು ಬಂತು. ಕಿತ್ತುಹಾಕಿದ ಕೊನೆ ಐವತ್ತು ವರ್ಷಗಳ ಮೇಲೆ ತನ್ನ ಸ್ಥಳಕ್ಕೆ ಮರಳಿತು.

ಎರಡನೆಯದು ‘ಕೂಲಿ’. 1982ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಹೊಡೆದಾಟದ ದೃಶ್ಯವೊಂದರ ಚಿತ್ರೀಕರಣದಲ್ಲಿ ಅಮಿತಾಭ್ ಬಚ್ಚನ್ ಅವರ ಹೊಟ್ಟೆಗೆ ತೀವ್ರವಾದ ಪೆಟ್ಟು ಬಿತ್ತು. ಅವರನ್ನು ಮುಂಬಯಿಗೆ ಕರೆತಂದು ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಸಿದರು. ಮಂದಿರ, ಮಸೀದಿ, ಇಗರ್ಜಿಗಳಲ್ಲಿ ಜನ ಪ್ರಾರ್ಥಿಸಿದರು. ಅವರು ಬದುಕಿ ಬಂದರು. ಚಿತ್ರದ ಮೂಲ ಕಥೆಯಲ್ಲಿ ಕೊನೆಗೆ ನಾಯಕನು ಗುಂಡಿಗೆ ಬಲಿಯಾಗಬೇಕಿತ್ತು. ಮರಣದ ಬಾಯಿಂದ ನಿಜವಾಗಿ ಹಿಂದಿರುಗಿದವನನ್ನು ಪರದೆಯ ಮೇಲೆ ಕೊಲ್ಲುವುದು ಸಲ್ಲದೆಂದು ನಿರ್ದೇಶಕ ಮನಮೋಹನ ದೇಸಾಯಿಯವರು ಕೊನೆಯನ್ನೇ ಬದಲಿಸಿದರು. 1983ರಲ್ಲಿ ಚಿತ್ರ ಹೊರಬಂದಾಗ ನಾಯಕನು ಗುಂಡು ತಗುಲಿಯೂ ಬದುಕಿದನು, ಜನರು ಹರ್ಷಪಟ್ಟರು.

ಇಲ್ಲಿ ಯಾರೂ ಅರ್ಜಿ ಬರೆಯಲಿಲ್ಲ, ಸಹಿ ಕೂಡಿಸಲಿಲ್ಲ. ಆದರೂ ಜನರ ಮನಸ್ಸು ಕೊನೆಯನ್ನು ತಿರುಗಿಸಿತು. ಇದನ್ನು ನಾವು ತಪ್ಪೆನ್ನಲಾರೆವು. ಆದರೆ ಇದನ್ನು ನಿಯಮವನ್ನಾಗಿ ಮಾಡುವುದೂ ಆಗದು. ಅಂದು ಬದುಕಬೇಕೆಂದು ಜನ ಬೇಡಿದ್ದು ಒಬ್ಬ ಮನುಷ್ಯನಿಗಾಗಿ. ಪಾತ್ರವು ಬದುಕಿದ್ದು ಆ ಸಂತೋಷದ ಒಂದು ಅಂಗವಾಗಿ ಮಾತ್ರ. ಪಾತ್ರಕ್ಕೂ ನಟನಿಗೂ ಭೇದವನ್ನು ಮರೆಯುವ ಅಭಿಮಾನವು ಬೇರೆ ಹಾದಿಯನ್ನೂ ಹಿಡಿಯುತ್ತದೆ. 1998ರಲ್ಲಿ ಮಲಯಾಳದ ‘ಹರಿಕೃಷ್ಣನ್ಸ್’ ಚಿತ್ರದಲ್ಲಿ ಮಮ್ಮೂಟ್ಟಿ ಮತ್ತು ಮೋಹನಲಾಲ್ ಇಬ್ಬರೂ ನಾಯಕರು, ನಾಯಕಿ ಒಬ್ಬಳು. ಒಬ್ಬರ ಅಭಿಮಾನಿಗಳಿಗೂ ನೋವಾಗದಿರಲೆಂದು ಎರಡು ಬೇರೆ ಬೇರೆ ಮುಕ್ತಾಯಗಳಿದ್ದ ಪ್ರತಿಗಳನ್ನು ತೋರಿಸಿದರು. ಎಲ್ಲರಿಗೂ ತೃಪ್ತಿಯಾಗಿರಬಹುದು. ಆದರೆ ಆ ಹೆಣ್ಣಿನ ಮನಸ್ಸಿನಲ್ಲಿ ಯಾರಿದ್ದರು ಎಂಬ ಪ್ರಶ್ನೆಗೆ ಕಥೆಯಲ್ಲಿ ಉತ್ತರವೇ ಉಳಿಯಲಿಲ್ಲ.

ಮತ್ತೂ ಕೆಟ್ಟದ್ದುಂಟು. 2020ರಲ್ಲಿ ‘ದಿ ಲಾಸ್ಟ್ ಆಫ್ ಅಸ್’ ಎಂಬ ಆಟದ ಎರಡನೆಯ ಭಾಗ ಹೊರಬಂದಾಗ, ಅದರಲ್ಲಿ ಜನಪ್ರಿಯ ನಾಯಕನನ್ನು ಕೊಲ್ಲುವ ಪಾತ್ರಕ್ಕೆ ಧ್ವನಿ ಕೊಟ್ಟ ನಟಿಗೆ ಕೊಲೆಯ ಬೆದರಿಕೆಗಳು ಬಂದುವು. ಕಥೆಯ ಸಾವನ್ನು ಸಹಿಸಲಾರದವನು ನಿಜವಾದ ಸಾವಿನ ಮಾತನ್ನಾಡುವುದು ಎಂತಹ ವಿಪರೀತ! ಕೇಕು ಕಳುಹಿಸಿದವರೂ ಅಭಿಮಾನಿಗಳೇ, ಬೆದರಿಕೆ ಕಳುಹಿಸಿದವರೂ ಅಭಿಮಾನಿಗಳೇ. ವಿದ್ಯಾರ್ಥಿಗಳು ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ನಮ್ಮ ಮುಖ್ಯ ಅಭಿಪ್ರಾಯಕ್ಕೆ ಈಗ ಬರುತ್ತೇವೆ. ಮುಲುಂಡ್ ಪಶ್ಚಿಮದಲ್ಲಿರುವ ಮಹಾಕವಿ ಕಾಳಿದಾಸ ನಾಟ್ಯಮಂದಿರವನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಬಲ್ಲರು. ಆ ಕಟ್ಟಡಕ್ಕೆ ಯಾರ ಹೆಸರಿದೆಯೋ ಆ ಕವಿಯೇ ಹಿಂದಿನವರ ಕಥೆಯೊಂದನ್ನು ಒಪ್ಪದೆ ಹೋದವನು. ಮಹಾಭಾರತದಲ್ಲಿ ದುಷ್ಯಂತನು ಶಕುಂತಲೆಯನ್ನು ಬಲ್ಲವನಾಗಿಯೂ ಸಭೆಯಲ್ಲಿ ನಿರಾಕರಿಸುತ್ತಾನೆ. ಅಶರೀರವಾಣಿ ನುಡಿದ ಮೇಲೆ ಸ್ವೀಕರಿಸುತ್ತಾನೆ. ಇದು ಕಾಳಿದಾಸನಿಗೆ ಹಿಡಿಸಲಿಲ್ಲ. ದುರ್ವಾಸನ ಶಾಪವನ್ನೂ ಉಂಗುರವನ್ನೂ ತಂದು, ಮರೆವು, ಪಶ್ಚಾತ್ತಾಪ, ಪುನರ್ಮಿಲನಗಳ ಹೊಸ ನಾಟಕವನ್ನೇ ರಚಿಸಿದನು. ನಮ್ಮ ಪಂಪನು ಹತ್ತನೆಯ ಶತಮಾನದಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದಾಗ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯಾಗಿಸಿ, ಕೊನೆಯಲ್ಲಿ ಸುಭದ್ರೆಯೊಡನೆ ಅರ್ಜುನನಿಗೇ ಪಟ್ಟಾಭಿಷೇಕ ಮಾಡಿಸಿದನು. ಆಶ್ರಯದಾತನಾದ ಅರಿಕೇಸರಿಯನ್ನು ಮೆಚ್ಚಿಸುವ ಉದ್ದೇಶ ಅಲ್ಲಿತ್ತು, ನಿಜ. ಆದರೂ ಕಾವ್ಯ ಕಾವ್ಯವಾಗಿ ನಿಂತಿದೆ. ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ನಾಟಕವೊಂದರ ಮಾದರಿಯಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ಬರೆದು, ಪುರಾಣಗಳು ಚಿರಂಜೀವಿಯೆಂದು ಸಾರಿದವನಿಗೆ ಮರಣವನ್ನು ತಂದರು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ಸೀತೆಯೊಡನೆ ರಾಮನೂ ಅಗ್ನಿಯನ್ನು ಪ್ರವೇಶಿಸುತ್ತಾನೆ.

ಇವರಲ್ಲಿ ಯಾರೂ ವ್ಯಾಸರಿಗೋ ವಾಲ್ಮೀಕಿಗೋ ಮನವಿಯನ್ನು ಸಲ್ಲಿಸಿ ಕಾಯುತ್ತ ಕುಳಿತುಕೊಳ್ಳಲಿಲ್ಲ. ಹಿಂದಿನ ಕೃತಿಯನ್ನು ಅದರ ಪಾಡಿಗೆ ಬಿಟ್ಟು, ತಮಗೆ ಬೇಕಾದುದನ್ನು ತಾವೇ ಬರೆದರು. ಹಳೆಯ ಕೊನೆಯೂ ಉಳಿಯಿತು, ಹೊಸದೂ ದೊರೆಯಿತು. ಕೊನೆಯನ್ನು ಒಪ್ಪದವನಿಗೆ ಇರುವ ಅತ್ಯುತ್ತಮ ಮಾರ್ಗ ಇದೇ ಎಂದು ನಮ್ಮ ನಂಬಿಕೆ. “ನಾವೇನು ಕಾಳಿದಾಸರೆ?” ಎಂದು ವಿದ್ಯಾರ್ಥಿಗಳು ಕೇಳಬಹುದು. ಬರೆದು ನೋಡುವುದಕ್ಕೆ ಕಾಳಿದಾಸನೇ ಆಗಬೇಕಾಗಿಲ್ಲ. ನಮ್ಮ ತರಗತಿಯ ಅನುಭವವನ್ನೇ ಹೇಳುತ್ತೇವೆ.

ಪುಣ್ಯಕೋಟಿಯ ಕಥೆಯನ್ನು ಪಾಠಮಾಡುವಾಗಲೆಲ್ಲ ಒಂದಲ್ಲ ಒಂದು ಮಗು “ಹುಲಿ ಏಕೆ ಸಾಯಬೇಕು, ಸರ್? ಅದು ಹಸುವನ್ನು ಬಿಟ್ಟುಬಿಟ್ಟಿತಲ್ಲ?” ಎಂದು ಕೇಳದೆ ಇರುವುದಿಲ್ಲ. ಒಂದು ವರ್ಷ ನಾವು ಉತ್ತರ ಹೇಳದೆ, “ಹಾಗಾದರೆ ಹುಲಿ ಬದುಕುವಂತೆ ನೀವೇ ಬರೆದು ತನ್ನಿ” ಎಂದೆವು. ಮಾರನೆಯ ದಿನ ಬಗೆಬಗೆಯ ಹುಲಿಗಳು ಬಂದುವು. ಒಂದು ಹುಲ್ಲು ಮೇಯತೊಡಗಿತ್ತು. ಒಂದು ಕರುವಿಗೆ ಕಾವಲುಗಾರನಾಗಿತ್ತು. ಒಂದು ಕ್ಷಮೆ ಕೇಳಿ ಬೇರೆ ಕಾಡಿಗೆ ಹೊರಟುಹೋಗಿತ್ತು. ಎಲ್ಲರೂ ಓದಿ ನಕ್ಕ ಮೇಲೆ, ಅತಿ ಕಡಮೆ ಮಾತಾಡುವ ಹುಡುಗಿಯೊಬ್ಬಳು ಎದ್ದು, “ಸರ್, ಹುಲಿ ಬೇರೆ ಕಾಡಿಗೆ ಹೋದರೆ ಅಲ್ಲಿಯ ಹಸುವನ್ನು ತಿನ್ನುತ್ತದೆ. ಅದಕ್ಕೆ ತಿನ್ನಲಿಕ್ಕೂ ಮನಸ್ಸಿಲ್ಲ, ತಿನ್ನದೆ ಬದುಕಲಿಕ್ಕೂ ಆಗುವುದಿಲ್ಲ. ಅದಕ್ಕೇ ಸತ್ತಿತು” ಎಂದಳು. ನಾವು ಅಷ್ಟು ವರ್ಷ ಪಾಠಮಾಡಿಯೂ ಆ ಮಾತನ್ನು ಅಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಕೊನೆಯನ್ನು ಬದಲಿಸಲು ಹೊರಟವಳಿಗೆ ಅದು ಹಾಗೇಕಿದೆಯೆಂಬುದು ತಿಳಿಯಿತು. ಹಾಳೆಯ ಮೇಲೆ ಬರೆದು ನೋಡಿದ್ದರಿಂದ ಬಂದ ತಿಳಿವಳಿಕೆ ಅದು. ಹುಲಿಯನ್ನು ಬದುಕಿಸಿರೆಂದು ಪಠ್ಯಪುಸ್ತಕ ಮಂಡಳಿಗೆ ಅರ್ಜಿ ಬರೆದು ಕುಳಿತಿದ್ದರೆ ಅದು ಬರುತ್ತಿತ್ತೆ?

ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದ ದುರಂತವನ್ನು ಸಹಿಸಲಾರದೆ 1681ರಲ್ಲಿ ನೇಹಮ್ ಟೇಟ್ ಎಂಬವನು ಅದನ್ನು ಸುಖಾಂತವಾಗಿ ತಿದ್ದಿದನು. ಸುಮಾರು ನೂರೈವತ್ತು ವರ್ಷಗಳ ಕಾಲ ಇಂಗ್ಲೆಂಡಿನ ರಂಗಭೂಮಿಯಲ್ಲಿ ಆ ತಿದ್ದಿದ ಪಾಠವೇ ನಡೆಯಿತು. ಕಡೆಗೆ ಜನರು ಷೇಕ್ಸ್‌ಪಿಯರನ ಲಿಯರನನ್ನೇ ಮತ್ತೆ ಕೇಳಿ ಪಡೆದರು. ಒಂದು ತಲೆಮಾರಿಗೆ ಸಹಿಸಲಾಗದ ದುಃಖ ಮುಂದಿನದಕ್ಕೆ ಬೇಕಾಗಬಹುದು. ಸಹಿಗಳನ್ನು ಎಣಿಸಿ ಕೊನೆಯನ್ನು ನಿರ್ಧರಿಸಿದರೆ, ಇನ್ನೂ ಹುಟ್ಟದವರ ಸಹಿಗಳು ಎಣಿಕೆಗೆ ಬರುವುದಿಲ್ಲ.

ಆದುದರಿಂದ ನಮ್ಮ ನಿರ್ಣಯವಿಷ್ಟು. ತಯಾರಕನು ಕೊಟ್ಟ ಮಾತಿಗೆ ತಪ್ಪಿದ್ದರೆ, ಇಲ್ಲವೆ ಕಥೆಯನ್ನು ಅರ್ಧಮರ್ಧ ಬಿಟ್ಟಿದ್ದರೆ, ಕೇಳುವುದು ನ್ಯಾಯ. ಒಟ್ಟಾಗಿ ಕೇಳುವುದು ಇನ್ನೂ ಒಳ್ಳೆಯದು. ಕೇಳುವ ಮಾತು ಮರ್ಯಾದೆಯದಾಗಿರಬೇಕು. ಹೇಗೆ ತಿದ್ದಬೇಕೆಂಬುದನ್ನು ತಯಾರಕನಿಗೇ ಬಿಡಬೇಕು. ಆದರೆ ನಮಗೆ ಅಳು ಬಂತೆಂಬುದೊಂದೇ ಕಾರಣವಾದರೆ ಅರ್ಜಿ ಬೇಡ. ಅಳು ಬಂದದ್ದು ಕಥೆ ಕೆಲಸ ಮಾಡಿತೆಂಬುದಕ್ಕೆ ಸಾಕ್ಷಿ. ಅದೂ ಸಾಲದೆನಿಸಿದರೆ ಕಾಗದ ಲೇಖನಿಗಳು ಎಲ್ಲರಿಗೂ ಉಂಟು.

ನಾಲ್ವರು ಹುಡುಗರಿಗೂ ಇದನ್ನೇ ಹೇಳಿದೆವು. ಕಾಗುಣಿತವನ್ನು ತಿದ್ದಿಕೊಟ್ಟೆವು, ಜೊತೆಗೆ ಕೊನೆಯ ಅಧ್ಯಾಯವನ್ನು ಕನ್ನಡದಲ್ಲಿ ತಾವೇ ಬರೆದು ತರಬೇಕೆಂದೆವು. ಅರ್ಜಿ ಹೋಯಿತು, ಈವರೆಗೆ ಉತ್ತರವಿಲ್ಲ. ಅಧ್ಯಾಯಗಳು ಮೂರು ಬಂದುವು. ಇಬ್ಬರು ನಾಯಕನನ್ನು ಬದುಕಿಸಿದ್ದರು. ಮೂರನೆಯವನು, ಅರ್ಜಿಯ ಮುಂದಾಳೇ, ಅವನನ್ನು ಮತ್ತೆ ಸಾಯಿಸಿದ್ದನು. ಆದರೆ ಸಾಯುವ ಮೊದಲು ತಾಯಿಯೊಡನೆ ಒಮ್ಮೆ ಫೋನಿನಲ್ಲಿ ಮಾತಾಡಿಸಿದ್ದನು. “ಅಷ್ಟೇ ಬೇಕಾಗಿತ್ತು, ಸರ್” ಎಂದನು.

ನಾಲ್ಕನೆಯವನು ಏನೂ ಬರೆದಿರಲಿಲ್ಲ. ಏಕೆಂದು ಕೇಳಿದಾಗ ಬೇರೊಂದನ್ನು ಕೇಳಿದನು: “ಸರ್, ನಮ್ಮ ಶಾಲೆ ಮುಚ್ಚುತ್ತದೆ ಎಂದು ಬಿಲ್ಡಿಂಗಿನಲ್ಲಿ ಹೇಳುತ್ತಾರೆ. ನನ್ನ ತಂಗಿಯನ್ನು ಇಂಗ್ಲಿಷ್ ಶಾಲೆಗೆ ಹಾಕಿದರು. ನಿಜವೇ?”

ಆ ಪ್ರಶ್ನೆಗೆ ನಾವು ಕೊಟ್ಟ ಉತ್ತರವು ನಮಗೇ ಸಮಾಧಾನ ತರಲಿಲ್ಲ. ಈ ವರ್ಷ ಮೊದಲನೆಯ ಇಯತ್ತೆಗೆ ಸೇರಿದ ಮಕ್ಕಳನ್ನು ಎಣಿಸಲು ಎರಡು ಕೈಗಳ ಬೆರಳುಗಳು ಸಾಕಾದುವು. ಊರುಗಳನ್ನು ಬಿಟ್ಟು ಈ ನಗರಕ್ಕೆ ಬಂದ ಕನ್ನಡಿಗರು, ಹಗಲು ಹೋಟೆಲುಗಳಲ್ಲಿ ದುಡಿದು ಇರುಳು ಶಾಲೆಗಳಲ್ಲಿ ಕಲಿತವರು, ಕಟ್ಟಿದ ಕಥೆಯಿದು. ಇದರ ಕೊನೆಯನ್ನು ಯಾವ ಕಂಪನಿಯೂ ಬರೆದು ಮುಗಿಸಿಲ್ಲ. ಸತ್ತ ಪಾತ್ರಕ್ಕಾಗಿ ಹದಿನೇಳು ಸಹಿಗಳನ್ನು ಒಂದೇ ದಿನದಲ್ಲಿ ಕೂಡಿಸಿದ ಹುಡುಗರು ನಮ್ಮಲ್ಲಿರುವಾಗ, ಬದುಕಿರುವ ಶಾಲೆಗಾಗಿ ಮನೆಮನೆಗೆ ಹೋಗಿ ಕೇಳುವ ಧೈರ್ಯ ಹಿರಿಯರಾದ ನಮಗೆ ಇಲ್ಲದೆ ಹೋದೀತೆ?

ಈ ಸಂಚಿಕೆಯನ್ನು ಓದುವ ಪಾಲಕರೂ ಹಳೆಯ ವಿದ್ಯಾರ್ಥಿಗಳೂ ಈ ಮಾತನ್ನು ಯೋಚಿಸಬೇಕೆಂದು ಬಿನ್ನವಿಸುತ್ತೇವೆ. ಹೊಸ ಶೈಕ್ಷಣಿಕ ವರ್ಷದ ಪ್ರವೇಶಕ್ಕೆ ಮೊದಲು ನೆರೆಹೊರೆಯ ಕನ್ನಡ ಕುಟುಂಬಗಳಿಗೆ ಒಂದು ಪತ್ರ ಬರೆಯಬೇಕಾಗಿದೆ. ಅದನ್ನು ಒಂಬತ್ತನೆಯ ಇಯತ್ತೆಯವರೇ ಬರೆಯಲಿ. ಕಾಗುಣಿತವನ್ನು ನಾವು ತಿದ್ದಿಕೊಡುತ್ತೇವೆ.